ಕ್ಯಾಮೆರಾದ ಪಾಲು, ಕತ್ತಲೆಯ ಪಾಲು

ಬಾದಾಮಿಯ ಗುಡ್ಡಗಳ ಆಚೆ, ಮರಗಳ ಮರೆಯಲ್ಲಿ ಮಹಾಕೂಟ. ಆರು-ಏಳನೆಯ ಶತಮಾನದ ಚಾಲುಕ್ಯರ ಗುಡಿಗಳು ಒಂದೇ ಪೌಳಿಯೊಳಗೆ ಒತ್ತೊತ್ತಾಗಿ ನಿಂತಿವೆ; ನಡುವೆ ಬುಗ್ಗೆಯ ನೀರಿನ ಪುಷ್ಕರಿಣಿ. ಕಿರುಚಿತ್ರವೊಂದರ ತಂಡ ಇಲ್ಲಿಗೆ ಬಂದಿಳಿದಿದೆ. ನಾಳೆ ತೆಗೆಯಬೇಕಾದ್ದು ಒಂದೇ ದೃಶ್ಯ: ಕತ್ತಲಾದ ಮೇಲೆ ಇಳಕಲ್ ಸೀರೆಯ ಹೆಂಗಸೊಬ್ಬಳು ಹಣತೆ ಹಿಡಿದು ಪುಷ್ಕರಿಣಿಯ ಮೆಟ್ಟಿಲಿನಿಂದ ಮಂಟಪದ ಕಂಬದವರೆಗೆ ನಡೆದು ಬರಬೇಕು. ದೊಡ್ಡ ಲೈಟು ಹಚ್ಚಲು ಪರವಾನಗಿ ಸಿಕ್ಕಿಲ್ಲ. ಸಿಕ್ಕಿದ್ದರೂ ನಿರ್ದೇಶಕರಿಗೆ ಬೇಡ. ಮಾತಾಡುತ್ತಿರುವವರಲ್ಲಿ ಒಬ್ಬಳು ಬೆಂಗಳೂರಿನಿಂದ ಕ್ಯಾಮೆರಾದ ಜೊತೆ ಬಂದ ಸಹಾಯಕಿ. ಇನ್ನೊಬ್ಬರು ಇಳಕಲ್ಲಿನಲ್ಲಿ ಫೋಟೋ ಸ್ಟುಡಿಯೋ ಇಟ್ಟುಕೊಂಡು ಮದುವೆ ಮನೆಗಳಲ್ಲಿ ತಲೆ ನರೆಸಿಕೊಂಡವರು. ಸ್ಟ್ಯಾಂಡು, ವೈರು, ರಿಫ್ಲೆಕ್ಟರು ಅವರ ಜಿಮ್ಮೆ. ತಂಡದವರಿಗೆಲ್ಲ ಅವರು ಕಾಕಾ.

ಕಾಕಾ: ಹೊತ್ತು ಮುಳುಗಾಕ ಬಂತು ತಂಗಿ. ಎಲ್ಲಾರೂ ಚಾ ಕುಡದು ಬಂದ್ರು. ನೀ ಮಾತ್ರ ಲೆನ್ಸ್ ಬಿಚ್ಚಿ, ಕ್ಯಾಮೆರಾದ ಬಾಯಿಗೆ ಮುಚ್ಚಳ ಹಾಕಿ ಕುಂತೀದಿ. ಮುಚ್ಚಿದ ಕ್ಯಾಮೆರಾದಾಗ ಏನ್ ಕಾಣ್ತೈತಿ?

ಸಹಾಯಕಿ: ಅದರದೇ ಗಲೀಜು ಕಾಣುತ್ತೆ ಕಾಕಾ. ಬ್ಲ್ಯಾಕ್ ಶೇಡಿಂಗ್ ಮಾಡ್ತಿದ್ದೀನಿ. ರೆಡ್ ಕ್ಯಾಮೆರಾದವರು ಹಾಗಂತಾರೆ. ಕ್ಯಾನನ್, ಪ್ಯಾನಾಸೋನಿಕ್‌ನವರದು ಆಟೋ ಬ್ಲ್ಯಾಕ್ ಬ್ಯಾಲೆನ್ಸ್. ಒಂದು ಚೂರೂ ಬೆಳಕು ನುಸುಳದ ಹಾಗೆ ಮುಚ್ಚಬೇಕು, ಕ್ಯಾಮೆರಾ ಆನ್ ಮಾಡಿ ಮೈ ಬಿಸಿಯಾಗೋವರೆಗೆ ಕಾಯಬೇಕು, ಆಮೇಲೆ ಬಟನ್ ಒತ್ತಬೇಕು.

ಕಾಕಾ: ಬಾಡಿಗಿ ಕೊಟ್ಟವರು ಎಲ್ಲಾ ಮಾಡೇ ಕಳಸೀವಿ ಅಂದಿದ್ರಲ್ಲ?

ಸಹಾಯಕಿ: ಮಾಡಿರ್ತಾರೆ, ಎಸಿ ರೂಮಲ್ಲಿ. ಇಲ್ಲಿ ಈ ಕಲ್ಲಿನ ಮೇಲೆ ಕೈ ಇಟ್ಟು ನೋಡಿ. ಬಿಸಿಲು ಸರಿದು ಎಷ್ಟೋ ಹೊತ್ತಾಯ್ತು, ಇನ್ನೂ ಬೆಚ್ಚಗಿದೆ. ಸೆನ್ಸರ್ ಕತ್ತಲೆಯಲ್ಲಿದ್ರೂ ಸುಮ್ಮನಿರಲ್ಲ. ಶಾಖಕ್ಕೇ ಒಳಗಡೆ ಎಲೆಕ್ಟ್ರಾನ್‌ಗಳು ಎದ್ದು, ಬೆಳಕು ಬಿತ್ತು ಅಂತ ಸುಳ್ಳು ಲೆಕ್ಕ ಕೊಡ್ತವೆ. ಸಿಲಿಕಾನ್ ಏಳೆಂಟು ಡಿಗ್ರಿ ಹೆಚ್ಚು ಬಿಸಿಯಾದ್ರೆ ಆ ಸುಳ್ಳು ಎರಡರಷ್ಟಾಗುತ್ತೆ. ಟೇಕ್ ನಡೀವಾಗ ಸದ್ದು ಬರಬಾರದು ಅಂತ ಫ್ಯಾನ್ ಬೇರೆ ನಿಧಾನ ಮಾಡಿರ್ತೀವಿ. ಅದಕ್ಕೇ ಶೂಟಿಂಗ್ ನಡೆಯೋ ಜಾಗದಲ್ಲೇ, ನಾಳೆ ಇಡೋ ಶಟರ್‌ನಲ್ಲೇ, ನಾಳೆ ಇರೋ ಬಿಸಿಯಲ್ಲೇ ಇದನ್ನ ಮಾಡಬೇಕು.

ಕಾಕಾ: ಜ್ವಾಳ ತೂಗೂಕಿಂತ ಮೊದಲ ಬರೇ ತಕ್ಕಡಿ ಹಿಡದು ನೋಡಿದಂಗ.

ಸಹಾಯಕಿ: ಅದೇ. ಆದ್ರೆ ಇಲ್ಲಿ ಲಕ್ಷಾಂತರ ತಕ್ಕಡಿ. ಒಂದೊಂದು ಪಿಕ್ಸೆಲ್‌ಗೂ ಒಂದೊಂದು ಚಾಳಿ. ಒಂದು ಯಾವಾಗಲೂ ಸ್ವಲ್ಪ ಜಾಸ್ತಿ ಹೇಳುತ್ತೆ, ಒಂದು ಕಮ್ಮಿ. ಕ್ಯಾಮೆರಾ ಕತ್ತಲೆಯ ಫ್ರೇಮುಗಳನ್ನ ಒಂದರ ಮೇಲೊಂದು ತಗೊಂಡು ಸರಾಸರಿ ಹಾಕುತ್ತೆ. ಆಗೊಮ್ಮೆ ಈಗೊಮ್ಮೆ ಬಂದುಹೋಗೋದು ಸರಾಸರಿಯಲ್ಲಿ ಕರಗಿಹೋಗುತ್ತೆ, ಖಾಯಂ ಚಾಳಿ ಉಳಿಯುತ್ತೆ. ಅದರ ನಕ್ಷೆ ಮಾಡಿಟ್ಟುಕೊಂಡು ಮುಂದಿನ ಪ್ರತಿ ಫ್ರೇಮಿನಿಂದಲೂ ಕಳೆಯುತ್ತೆ. ಮಧ್ಯಾಹ್ನ ಟೆಸ್ಟ್ ಮಾಡಿದಾಗ ಮಾನಿಟರಿನಲ್ಲಿ ಕಂಬದ ನೆರಳಲ್ಲಿ ಕೆಂಪು ಚುಕ್ಕಿ ತೋರಿಸಿದ್ರಲ್ಲ, ನೆನಪಿದೆಯಾ?

ಕಾಕಾ: ಹೌದು. ನಾ ಕುಂಕುಮ ಅಂದಕೊಂಡಿದ್ದೆ. ಕ್ಯಾಮೆರಾ ತಿರುವಿದ್ರ ಕಂಬ ಸರೀತು, ಚುಕ್ಕಿ ಅಲ್ಲೇ ನಿಂತಿತ್ತು.

ಸಹಾಯಕಿ: ಕಂಬದ ಜೊತೆ ಸರಿಯದೇ ಪರದೆ ಮೇಲೆ ನಿಂತಲ್ಲೇ ನಿಂತ್ರೆ ಅದು ಕಲ್ಲಿನದಲ್ಲ, ಸೆನ್ಸರಿನದು. ಈಗ ನೋಡಿ, ಮುಗೀತು. ಲೆನ್ಸ್ ಮತ್ತೆ ಹಾಕಿದ್ದೀನಿ. ಅದೇ ಕಂಬ, ಅದೇ ನೆರಳು. ಚುಕ್ಕಿ ಇಲ್ಲ, ಮೇಲಿಂದ ಕೆಳಗೆ ಹೋಗ್ತಿದ್ದ ಸಣ್ಣ ಗೆರೆಗಳೂ ಇಲ್ಲ.

ಕಾಕಾ: ಗೆರಿ ಹೋದ್ವು, ಖರೆ. ಆದ್ರ ಮರಳು ಚೆಲ್ಲಿದಂಗ ಕುಣೀತೈತಲ್ಲ, ಅದು ಇನ್ನೂ ಐತಿ.

ಸಹಾಯಕಿ: ಅದು ಹೋಗಲ್ಲ ಕಾಕಾ. ಅದು ಬಹುಪಾಲು ಕ್ಯಾಮೆರಾದ್ದಲ್ಲ.

ಕಾಕಾ: ಮತ್ತ ಯಾರದು?

ಸಹಾಯಕಿ: ಬೆಳಕಿನದೇ. ಬೆಳಕು ಧಾರೆಯಾಗಿ ಬೀಳಲ್ಲ, ಹನಿ ಹನಿಯಾಗಿ ಬೀಳುತ್ತೆ. ಒಂದು ಪಿಕ್ಸೆಲ್‌ಗೆ ಒಂದು ಫ್ರೇಮಲ್ಲಿ 10,000 ಫೋಟಾನ್ ಸಿಕ್ಕರೆ ಏರುಪೇರು ಅದರ ವರ್ಗಮೂಲದಷ್ಟು, ಅಂದ್ರೆ 100. ನೂರಕ್ಕೆ ಒಂದು, ಕಣ್ಣಿಗೆ ಗೊತ್ತಾಗಲ್ಲ. ಬರೀ 100 ಸಿಕ್ಕರೆ ಏರುಪೇರು 10. ನೂರಕ್ಕೆ ಹತ್ತು. ಆಗ ಮರಳು ಕುಣಿಯುತ್ತೆ. ನಾಳೆ ಇನ್ನೂ ದುಬಾರಿ ಕ್ಯಾಮೆರಾ ತಂದ್ರೂ ಈ ಲೆಕ್ಕ ಬದಲಾಗಲ್ಲ. ಬಹಳ ಜನ ಸೆನ್ಸರಿನ ಚಾಳಿ, ಬೆಳಕಿನ ಮರಳು ಎರಡನ್ನೂ ಒಂದೇ ಅಂದ್ಕೊಳ್ತಾರೆ. ರಾತ್ರಿ ಶಾಟ್ ಕೆಟ್ಟರೆ ಕ್ಯಾಲಿಬ್ರೇಶನ್ ಸರಿಯಿಲ್ಲ ಅಂತಾರೆ. ಕ್ಯಾಲಿಬ್ರೇಶನ್ ತೆಗೆಯೋದು ಕ್ಯಾಮೆರಾ ತಾನಾಗಿ ಸೇರಿಸಿದ್ದನ್ನ ಮಾತ್ರ. ಬೆಳಕೇ ಬಂದಿಲ್ಲ ಅಂದ್ರೆ ಅದೇನು ಮಾಡುತ್ತೆ?

ಕಾಕಾ: ಆದ್ರ ನಮ್ಮ ಹುಡುಗೂರು ಐಎಸ್ಓ ಏರಿಸ್ತಾರ. ನಮ್ಮ ಸ್ಟುಡಿಯೋದಾಗ ಸೋನಿ ಐತಿ, 12,800ಕ್ಕ ಇಟ್ರ ಮದಿವಿ ಹಂದರದ ಮೂಲಿ ಮೂಲಿನೂ ಕಾಣ್ತೈತಿ. ಆ ಮರಳಿನ ಗದ್ದಲ ಅಷ್ಟೇನಿಲ್ಲ. 10,000ಕ್ಕ ಇಟ್ರ ಗದ್ದಲ ಹೆಚ್ಚು. ಇದೆಂಥಾ ಹುಚ್ಚು ಅಂತ ನಾ ಬಿಟ್ಟಬಿಟ್ಟೀನಿ.

ಸಹಾಯಕಿ: ಹುಚ್ಚಲ್ಲ. ಎಫ್ಎಕ್ಸ್6, ಎಫ್ಎಕ್ಸ್3 ಥರದವಕ್ಕೆ ಲಾಗ್‌ನಲ್ಲಿ ಎರಡು ಮೂಲ ಐಎಸ್ಓ: 800 ಮತ್ತು 12,800. ಸೋನಿ ವೆನಿಸ್‌ಗೆ 500 ಮತ್ತು 2500. ಪ್ಯಾನಾಸೋನಿಕ್ 2014ರಲ್ಲಿ ವೇರಿಕ್ಯಾಮ್ 35 ತಂದಾಗ 800, 5000 ಅಂತ ಕೊಟ್ಟಿತ್ತು. ಪಿಕ್ಸೆಲ್‌ನಿಂದ ಬಂದ ಸಿಗ್ನಲ್ ಓದೋಕೆ ಎರಡು ದಾರಿ ಇಟ್ಟಿರ್ತಾರೆ. ಕತ್ತಲೆಯ ದಾರಿಯಲ್ಲಿ, ಓದೋ ಸರ್ಕೀಟಿನ ಗದ್ದಲ ಸೇರೋ ಮೊದಲೇ ಸಿಗ್ನಲ್ ಎತ್ತಿಬಿಡ್ತಾರೆ. ಮೊದಲ ದಾರಿಯಲ್ಲೇ ಉಳಿದು ಮೇಲೆ ಮೇಲೆ ಎಳೆದ್ರೆ ಗದ್ದಲವನ್ನೂ ಎಳೆದ ಹಾಗೆ. ಬ್ಲ್ಯಾಕ್‌ಮ್ಯಾಜಿಕ್ ಪಾಕೆಟ್ 4ಕೆ ಇದೆಯಲ್ಲ, ಅದರಲ್ಲಿ 1000ಕ್ಕಿಂತ 1250 ಚೊಕ್ಕ. ದಾರಿ ಬದಲಾಗೋದು ಅಲ್ಲಿ.

ಕಾಕಾ: ಅಂದ್ರ ಐಎಸ್ಓ ಏರಿಸಿದ್ರ ಸೆನ್ಸರ್ ಕಣ್ಣು ದೊಡ್ಡದಾಗಂಗಿಲ್ಲ?

ಸಹಾಯಕಿ: ಆಗಲ್ಲ. ರಾ ಫೈಲಿನಲ್ಲಿ ಒಂದೇ ದಾರಿಯೊಳಗೆ 800, 1600 ಅಂತ ಬದಲಾಯಿಸೋದು ಬಹುಮಟ್ಟಿಗೆ ಚೀಟಿ ಅಂಟಿಸಿದ ಹಾಗೆ. ಬಿದ್ದ ಫೋಟಾನ್ ಬಿದ್ದಷ್ಟೇ. ನಡು ಬೂದು ಎಲ್ಲಿ ಕೂರಬೇಕು, ನೆರಳಿಗೆ ಎಷ್ಟು ಸ್ಟಾಪ್, ಬೆಳಕಿಗೆ ಎಷ್ಟು ಸ್ಟಾಪ್ ಉಳೀಬೇಕು ಅನ್ನೋದಷ್ಟೇ ಬದಲಾಗುತ್ತೆ. ಅದಕ್ಕೇ ನಾನು ನಾಳೆ ನಮ್ಮ ಕ್ಯಾಮೆರಾದ 3200ರ ದಾರಿ ಹಿಡಿದು, ಮೀಟರಿನಲ್ಲಿ 1600 ಅಂತ ಹಾಕ್ಕೊಳ್ಳೋಣ ಅಂತಿದ್ದೀನಿ. ಆಗ ಒಂದು ಸ್ಟಾಪ್ ಜಾಸ್ತಿ, ಅಂದ್ರೆ ಎರಡರಷ್ಟು ಬೆಳಕು ಕೊಟ್ಟು ತೆಗೀತೀವಿ, ಆಮೇಲೆ ಗ್ರೇಡಿಂಗ್‌ನಲ್ಲಿ ಕೆಳಗಿಳಿಸ್ತೀವಿ. ನೆರಳಿನ ಮರಳೂ ಕೆಳಗಿಳಿಯುತ್ತೆ.

ಕಾಕಾ: ನೆಗೆಟಿವ್ ದಪ್ಪ ಇರಲಿ ಅಂತಿದ್ವಿ ನಾವು. ತೆಳ್ಳಗಾತಂದ್ರ ಪ್ರಿಂಟಿನ್ಯಾಗ ಕರಿ ಹೋಗಿ ಬೂದಿ ಬರ್ತಿತ್ತು. ಆದ್ರ ತಂಗಿ, ಒಂದ ಹಣತಿ ಇಟಗೊಂಡು ನೀ ಮತ್ತೊಂದು ಸ್ಟಾಪ್ ಬೆಳಕು ಕೇಳಾಕತ್ತೀದಿ. ಎಲ್ಲಿಂದ ತರೂದು?

ಸಹಾಯಕಿ: ಲೆಕ್ಕ ಹಾಕೋಣ. ಎಎಸ್ಎ 100ಕ್ಕೆ ಎಫ್ 2.8 ಬೇಕಂದ್ರೆ 100 ಫುಟ್‌ಕ್ಯಾಂಡಲ್ ಅನ್ನೋದು ನಿಮಗೂ ಗೊತ್ತು.

ಕಾಕಾ: ಗೊತ್ತೈತಿ. 24 ಫ್ರೇಮಿಗೆ.

ಸಹಾಯಕಿ: 3200 ಅಂದ್ರೆ 32 ಪಟ್ಟು. ಮೂರು ಫುಟ್‌ಕ್ಯಾಂಡಲ್ ಸಾಕು. ಲೆನ್ಸ್ 1.4ಕ್ಕೆ ತೆರೆದ್ರೆ ಇನ್ನೆರಡು ಸ್ಟಾಪ್, ಮುಕ್ಕಾಲು ಫುಟ್‌ಕ್ಯಾಂಡಲ್. ಒಂದು ಮೇಣಬತ್ತಿಯಿಂದ ಒಂದು ಅಡಿ ದೂರದಲ್ಲಿ ಬೀಳೋ ಬೆಳಕೇ ಒಂದು ಫುಟ್‌ಕ್ಯಾಂಡಲ್. ಹಣತೆಯ ಒಂದು ಬತ್ತಿಯನ್ನ ಒಂದು ಮೇಣಬತ್ತಿ ಅಂತಿಟ್ಕೊಂಡ್ರೆ, ಅವಳು ದೀಪವನ್ನ ಎದೆ ಹತ್ತಿರ ಹಿಡಿದಾಗ ಮುಖಕ್ಕೆ ಸಾಕಾಗುತ್ತೆ. ಉಸಿರಾಡೋಕೆ ಜಾಗ ಇರಲ್ಲ, ಆದ್ರೂ ಸಾಕು. ತೊಂದರೆ ಮುಖದ್ದಲ್ಲ, ಕಂಬದ್ದು. ಕಂಬ ಮೂರಡಿ ಆಚೆ ಇದ್ರೆ ಬೆಳಕು ಒಂಬತ್ತನೇ ಒಂದು ಪಾಲು, ಮೂರು ಸ್ಟಾಪ್ ಕೆಳಗೆ. ಆರಡಿ ಆಚೆಗೆ ಮೂವತ್ತಾರರಲ್ಲಿ ಒಂದು, ಐದು ಸ್ಟಾಪ್.

ಕಾಕಾ: ಅಮೆರಿಕಾದಾವ ಒಬ್ಬ ಬರೇ ಮೇಣಬತ್ತಿ ಬೆಳಕಿನ್ಯಾಗ ಸಿನಿಮಾದ ದೃಶ್ಯ ತಗದಿದ್ನಂತಲ್ಲ.

ಸಹಾಯಕಿ: ಕೂಬ್ರಿಕ್. 1975ರ ಬ್ಯಾರಿ ಲಿಂಡನ್. ಛಾಯಾಗ್ರಾಹಕ ಜಾನ್ ಆಲ್ಕಾಟ್. ನಾಸಾಗೋಸ್ಕರ ಜೈಸ್ ಕಂಪನಿ ಮಾಡಿದ್ದ ಎಫ್ 0.7ರ ಲೆನ್ಸ್ ಹಾಕಿದ್ರು, 100 ಎಎಸ್ಎ ಫಿಲ್ಮನ್ನ ಒಂದು ಸ್ಟಾಪ್ ಪುಶ್ ಮಾಡಿದ್ರು. ಫೋಕಸ್ ಎಷ್ಟು ತೆಳ್ಳಗಿತ್ತು ಅಂದ್ರೆ ನಟರು ಮುಂದೆ ಹಿಂದೆ ಆಗೋ ಹಾಗಿರಲಿಲ್ಲ. ಮೇಣಬತ್ತಿಗೆ ಮೂರು ಮೂರು ಬತ್ತಿ ಇದ್ವು ಅಂತಾರೆ.

ಕಾಕಾ: ಬತ್ತಿ ಹೆಚ್ಚು ಮಾಡೂದು ನಮ್ಮ ಪೂಜಾರಿಗೂ ಗೊತ್ತೈತಿ, ನಾಸಾ ಬೇಕಾಗಿಲ್ಲ. ಹಣತಿ ಬಿಟ್ಟು ಅಗಲ ತಟ್ಟಿ ಕೊಡೂಣು. ಮೂರು ಬತ್ತಿ ಒಂದರ ಹಿಂದ ಒಂದು. ಮುಂದಿಂದ ನೋಡಿದ್ರ ಒಂದ ಉರಿ ಕಾಣ್ತೈತಿ. ಕೆಳಗ ಹಿತ್ತಾಳಿ ತಟ್ಟಿ ಹೊಳಪು ಮಾಡಿಸಿ ಇಟ್ರ ಮ್ಯಾಲ ಮುಖಕ್ಕ ಪುಟೀತೈತಿ. ಕಂಬದ ಮರಿಗೆ ನಂದೊಂದು ಬೆಳ್ಳಿ ರಿಫ್ಲೆಕ್ಟರ್. ಅಲ್ಲೇ ಮಹಾಕೂಟೇಶ್ವರ ಗುಡಿ ಮುಂದಿನ ಕಂಬದಾಗ ಶಾಸನ ಐತಿ, ನೋಡೀದೇನು? ಚಾಲುಕ್ಯ ರಾಜ ವಿಜಯಾದಿತ್ಯನ ಪ್ರಾಣವಲ್ಲಭೆ ವಿನಾಪೋಟಿ ಅಂತ ಬರೀತಾರ. ದೇವರಿಗೆ ಮಾಣಿಕ್ಯದ ಪೀಠ ಮಾಡಿಸಿ, ಮ್ಯಾಲ ಬೆಳ್ಳಿ ಛತ್ರಿ ಕೊಟ್ಳಂತ. ನಮ್ಮ ಸ್ಟುಡಿಯೋದಾಗೂ ಬೆಳ್ಳಿ ಬಣ್ಣದ ಛತ್ರಿ ಐತಿ. ಕತ್ತಲ ಗರ್ಭಗುಡಿ, ಒಂದ ದೀಪ, ಮ್ಯಾಲ ಬೆಳ್ಳಿ ಛತ್ರಿ. ಲೈಟ್ ಮಾಡಾಕ ಆಕಿಗೆ ಗೊತ್ತಿತ್ತು.

ಸಹಾಯಕಿ: ಆಕೆ ಕೊಟ್ಟಿದ್ದು ಭಕ್ತಿಗೆ ಕಾಕಾ, ಲೈಟಿಂಗ್‌ಗೆ ಅಲ್ಲ.

ಕಾಕಾ: ಭಕ್ತಿಗೇ ಕೊಟ್ಳು. ಬೆಳ್ಳಿ ಏನ್ ಸುಮ್ನ ಕುಂದ್ರತೈತೇನು?

ಸಹಾಯಕಿ: ಆಯ್ತು, ಮೂರು ಬತ್ತಿ, ತಟ್ಟೆ, ರಿಫ್ಲೆಕ್ಟರ್. ಒಂದೂವರೆ ಸ್ಟಾಪ್ ಸಿಕ್ಕಿತು ಅಂದ್ಕೊಳ್ಳೋಣ. ಆದ್ರೂ ಇನ್ನೊಂದು ಹಸಿವು ಉಳಿಯುತ್ತೆ. ಈ ಮಾನಿಟರ್ ನೋಡಿ. ನೀವು ತಂದಿರೋ ಇಳಕಲ್ ಸೀರೆಯ ಸೆರಗನ್ನ ದೀಪದ ಮುಂದೆ ಹಿಡಿಯಿರಿ.

ಕಾಕಾ: ಇದು ಗಿರಿ ಕುಂಕುಮ ಬಣ್ಣ. ಸೆರಗು ಕೆಂಪು ರೇಶ್ಮಿ, ನಡು ಬಿಳಿ ತೋಪ ತೆನಿ. ಜ್ವಾಳದ ತೆನಿಗತೆ ನಿಂತಿರ್ತಾವ ನೋಡು.

ಸಹಾಯಕಿ: ಬೆಳಕಿನ ಅಳತೆ ತೋರಿಸೋ ವೇವ್‌ಫಾರ್ಮನ್ನ ಮೂರು ಬಣ್ಣಕ್ಕೆ ಬೇರೆ ಮಾಡಿದ್ದೀನಿ. ಕೆಂಪು ಮೇಲೆ ಎದ್ದು ಕೂತಿದೆ, ಹಸಿರು ನಡುವೆ, ನೀಲಿ ನೆಲಕ್ಕೇ ಅಂಟಿಕೊಂಡಿದೆ. ಬಿಳಿ ತೆನೆಯಲ್ಲೂ ನೀಲಿ ಏಳ್ತಿಲ್ಲ. ಎಣ್ಣೆದೀಪದ ಬಣ್ಣ ಸುಮಾರು 1900 ಕೆಲ್ವಿನ್. ಅದರಲ್ಲಿ ಕೆಂಪಿಗೆ ಹೋಲಿಸಿದ್ರೆ ನೀಲಿ ಹತ್ತರಲ್ಲಿ ಒಂದಂಶವೂ ಇಲ್ಲ. ಸೆನ್ಸರಿನ ಮೇಲೆ ಇರೋ ಬಣ್ಣದ ಜಾಲರಿ ಕೊಡಾಕ್‌ನ ಬ್ರೈಸ್ ಬೇಯರ್ ಮಾಡಿದ್ದು, 1976ರ ಪೇಟೆಂಟ್. ನಾಲ್ಕು ಪಿಕ್ಸೆಲ್ ಗುಂಪಲ್ಲಿ ಎರಡು ಹಸಿರು, ಒಂದು ಕೆಂಪು, ಒಂದು ನೀಲಿ. ಮೊದಲೇ ನಾಲ್ಕರಲ್ಲಿ ಒಂದು, ಅದಕ್ಕೂ ಊಟ ಇಲ್ಲ. ದೀಪ ನೀಲಿ ಕೊಡಲ್ಲ, ಈ ಕೆಂಪು ಕಲ್ಲು ಇದ್ದ ಅಲ್ಪಸ್ವಲ್ಪ ನೀಲಿಯನ್ನೂ ನುಂಗುತ್ತೆ. ಆಮೇಲೆ ಬಣ್ಣ ಸರಿ ಮಾಡ್ತೀವಿ ಅಂತ ವೈಟ್ ಬ್ಯಾಲೆನ್ಸ್ ತಿರುಗಿಸಿದ್ರೆ ಆ ಖಾಲಿ ನೀಲಿಯನ್ನ ನಾಲ್ಕಾರು ಪಟ್ಟು ಎಳೀತೀವಿ. ದೀಪದ ಬೆಳಕಿನ ನೆರಳುಗಳಲ್ಲಿ ಮರಳು ನೀಲಿ, ನೇರಳೆಯಾಗಿ ಕುಣಿಯೋದು ಇದಕ್ಕೇ.

ಕಾಕಾ: ಹಂಗಾದ್ರ ಸರಿ ಮಾಡಬ್ಯಾಡ್ರಿ. ಹಳದಿ ಇರಲಿ ಬಿಡು. ದೀಪದ ಮುಂದ ಯಾರ ಸೀರಿ ಬೆಳ್ಳಗ ಕಾಣ್ತೈತಿ?

ಸಹಾಯಕಿ: ಅದು ಅರ್ಧ ಉತ್ತರ, ಸರಿಯಾದ ಅರ್ಧ. 3200 ಕೆಲ್ವಿನ್‌ಗೆ ಇಟ್ಟು ಬಿಡ್ತೀನಿ, ಉರಿ ಹಳದಿಯಾಗೇ ಇರಲಿ. ಉರಿಯ ನಡುಭಾಗ ಪೂರ್ತಿ ಬಿಳಿಯಾಗಿ ಹಾರಿಹೋಗುತ್ತೆ, ಅದನ್ನ ಉಳಿಸೋಕೆ ಹೋಗಲ್ಲ. ಕೆಲವರು ಉರಿ ಉಳಿಸೋಕೆ ಹೋಗಿ ಇಡೀ ಫ್ರೇಮನ್ನ ಮುಳುಗಿಸ್ತಾರೆ. ಆದ್ರೆ ಕಂಬದ ಕೆತ್ತನೆಗೆ ನೀಲಿ ಎಲ್ಲಿಂದ?

ಕಾಕಾ: ಮ್ಯಾಲಿಂದ.

ಸಹಾಯಕಿ: ಅಂದ್ರೆ?

ಕಾಕಾ: ಮ್ಯಾಲ ನೋಡು. ಹೊತ್ತು ಮುಳುಗೇತಿ, ಮುಗಿಲು ಇನ್ನೂ ಐತಿ. ಸುತ್ತ ಗುಡ್ಡ, ಅದಕ್ಕ ಇಲ್ಲಿ ಬಿಸಿಲು ಲಗೂನ ಹೋಗ್ತೈತಿ, ಮುಗಿಲಿನ ಬೆಳಕು ಹಿಂದ ಉಳೀತೈತಿ. ಸುಣ್ಣ ಬಡದ ಶಿಖರ ನೋಡು, ಹೆಂಗ ನಿಂತೈತಿ. ಕೆಂಪು ಕಲ್ಲಿಗಿಂತ ಎರಡು ಸ್ಟಾಪ್ ಮ್ಯಾಲ ಇರಬೇಕು. ಆ ಬಿಳಿ ಗೋಡಿ ಈ ಕಡೆ ನೀಲಿ ಚೆಲ್ಲಾಕತ್ತೈತಿ. ನಿನಗ ಬೇಕಾದ ರಿಫ್ಲೆಕ್ಟರ್ ಗುಡಿಯವರ ಹಚ್ಚಿಟ್ಟಾರ.

ಸಹಾಯಕಿ: ನಿರ್ದೇಶಕರು ಪೂರ್ತಿ ಕತ್ತಲೆ ಅಂದಿದ್ದಾರೆ.

ಕಾಕಾ: ಪೂರ್ತಿ ಕತ್ತಲಿ ಅವರು ಎಂದೂ ನೋಡಿಲ್ಲ. ಕರೆಂಟ್ ಹೋದ ರಾತ್ರಿ ಈ ಕೆಂಪು ಸೆರಗು ಹೆಂಗ ಕಾಣ್ತೈತಿ ಹೇಳು?

ಸಹಾಯಕಿ: ಕಪ್ಪಗೆ.

ಕಾಕಾ: ಕರ್ರಗ. ನಮ್ಮವ್ವ ಮಗ್ಗದ ಮನ್ಯಾಗ ಕಂದೀಲು ಸಣ್ಣ ಮಾಡಿದ್ರ ಮೊದಲ ಕೆಂಪು ಸಾಯ್ತಿತ್ತು. ಹಸರು, ನೀಲಿ ಇನ್ನೂ ಸ್ವಲ್ಪ ಇರ್ತಿದ್ವು. ನಿಮ್ಮ ಕ್ಯಾಮೆರಾ 12,800ಕ್ಕ ಏರಿಸಿ ನಟ್ಟ ನಡುರಾತ್ರ್ಯಾಗ ಕೆಂಪನ್ನ ಕೆಂಪಂತನ ತೋರಸ್ತೈತಿ. ಅದು ರಾತ್ರಿ ಅಲ್ಲ, ದೀಪ ಕಡಿಮಿ ಆದ ಹಗಲು. ನನಗ ಈ ಹೊಸ ಸಿನಿಮಾದ ರಾತ್ರಿಗಳು ಸೇರೂದಿಲ್ಲ. ಎಲ್ಲಾ ಕಾಣ್ತೈತಿ.

ಸಹಾಯಕಿ: ಅದಕ್ಕೆ ವಿಜ್ಞಾನವೂ ಇದೆ. ಕತ್ತಲೆಗೆ ಒಗ್ಗಿದ ಕಣ್ಣು ನೋಡೋದೇ ಬೇರೆ ಕೋಶಗಳಿಂದ. ಅವಕ್ಕೆ ಬಣ್ಣ ಗೊತ್ತಿಲ್ಲ, ಕೆಂಪಂತೂ ಕಾಣೋದೇ ಇಲ್ಲ ಅನ್ನಬಹುದು. ಪೂರ್ತಿ ಒಗ್ಗೋಕೆ ಅರ್ಧ ಗಂಟೆ ಬೇಕು. ಸೆನ್ಸರಿಗೆ ಅಂಥ ಎರಡನೇ ಕಣ್ಣಿಲ್ಲ, ಬೆಳಕು ಎಷ್ಟೇ ಕಮ್ಮಿ ಇರಲಿ ಅದೇ ಮೂರು ಬಣ್ಣದಲ್ಲಿ ಎಣಿಸುತ್ತೆ. ಆದ್ರಿಂದ ದೀಪದ ಹತ್ತಿರ ಸೆರಗು ಕೆಂಪಗಿರಲಿ, ದೀಪ ದಾಟಿದ ಮೇಲೆ ಕೆಂಪನ್ನ ಗ್ರೇಡಿಂಗ್‌ನಲ್ಲಿ ಸಾಯಿಸಬೇಕು. ಇದನ್ನ ಈಗಲೇ ಬರೆದಿಟ್ಕೊಳ್ತೀನಿ.

ಕಾಕಾ: ಕತ್ತಲಿ ಎಲ್ಲಿ ಇರಬೇಕು ಅನ್ನೂದನ್ನ ವಿ.ಕೆ. ಮೂರ್ತಿ ಅವರ ಹತ್ರ ನೋಡಬೇಕು. ಮೈಸೂರಿನವರು, ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನ್ಯಾಗ ಕಲತವರು. 1959ರಾಗ ಕಾಗಜ್ ಕೆ ಫೂಲ್ ಸಿನಿಮಾ. ಖಾಲಿ ಸ್ಟುಡಿಯೋದಾಗ ಮ್ಯಾಲಿಂದ ಒಂದ ಬೆಳಕಿನ ಕೋಲು ಬೀಳ್ತೈತಿ. ಹೊರಗಿನ ಬಿಸಿಲನ್ನ ಒಂದು ಕನ್ನಡಿಯಿಂದ ಇನ್ನೊಂದು ಕನ್ನಡಿಗೆ ಹಾಯಿಸಿ ಒಳಗ ತಂದಿದ್ರು. ಆಗಿನ ಫಿಲ್ಮು ನಿನ್ನ 3200ರ ಮುಂದ ಕುರುಡು. ಅದಕ್ಕ ಎಲ್ಲೆಲ್ಲಿ ಬೆಳಕು ಬ್ಯಾಡ ಅನ್ನೂದನ್ನ ಮೊದಲ ಠರಾವ್ ಮಾಡತಿದ್ರು. ಛಾಯಾಗ್ರಾಹಕರೊಳಗ ಫಾಲ್ಕೆ ಪ್ರಶಸ್ತಿ ಮೊದಲು ಬಂದದ್ದು ಅವರಿಗೇ.

ಸಹಾಯಕಿ: ಅವರು ಬಿಸಿಲನ್ನ ಒಳಗೆ ತಂದ್ರು, ನೀವು ಮುಗಿಲನ್ನ ತನ್ನಿ ಅಂತೀರಿ. ಸರಿ, ಲೆಕ್ಕ ಹೊಂದುತ್ತಾ ನೋಡೋಣ. ಒಂದು ಬತ್ತಿಯಿಂದ ಮೂರಡಿ ದೂರದ ಕಂಬಕ್ಕೆ ಸುಮಾರು ಒಂದು ಲಕ್ಸ್. ಆಕಾಶದಿಂದ ಬೀಳೋ ಬೆಳಕೂ ಒಂದು ಲಕ್ಸ್‌ಗೆ ಇಳಿದಾಗ ಎರಡೂ ಸಮ. ಆಗ ಕಂಬದ ಒಂದು ಮಗ್ಗುಲು ಹಳದಿ, ಇನ್ನೊಂದು ನೀಲಿ. ನೀಲಿ ಚಾನೆಲ್‌ಗೂ ಊಟ. ಸೂರ್ಯ ಮುಳುಗಿ ಅರ್ಧ ಗಂಟೆಯ ಆಸುಪಾಸು. ಗುಡ್ಡ, ಮರ ಇರೋದ್ರಿಂದ ಇಲ್ಲಿ ಇನ್ನೂ ಸ್ವಲ್ಪ ಬೇಗ. ಆಮೇಲೆ ಐದಾರು ನಿಮಿಷದಲ್ಲಿ ಅದು ಕೈಬಿಟ್ಟು ಹೋಗುತ್ತೆ.

ಕಾಕಾ: ಒಂದ ಟೇಕು. ಭಾಳಂದ್ರ ಎರಡು.

ಸಹಾಯಕಿ: ಸಂಜೆ ಇಡೀ ರಿಹರ್ಸಲ್ ಮಾಡಿಸ್ಬೇಕು. ಫೋಕಸ್ ಗುರುತು ಹಾಕಿಟ್ಟಿರಬೇಕು, 1.4ರಲ್ಲಿ ತಪ್ಪಿದ್ರೆ ಮುಗೀತು. ಇನ್ನೊಂದು, ಆ ಗುಡಿ ಆಫೀಸಿನ ಬಾಗಿಲ ಮೇಲಿರೋ ಟ್ಯೂಬ್‌ಲೈಟ್ ಆರಿಸ್ತಾರಾ?

ಕಾಕಾ: ಕೇಳಬೇಕು. ಆರಿಸಲಿಲ್ಲಂದ್ರ?

ಸಹಾಯಕಿ: ನಮ್ಮ ಕರೆಂಟು 50 ಹರ್ಟ್ಜ್. 24 ಫ್ರೇಮಿಗೆ 180 ಡಿಗ್ರಿ ಶಟರ್ ಇಟ್ರೆ ಟ್ಯೂಬ್ ಮಿಣುಕುತ್ತೆ. 172.8 ಡಿಗ್ರಿ ಇಡ್ತೀನಿ, 1/50 ಸೆಕೆಂಡ್ ಆಗುತ್ತೆ, ಮಿಣುಕು ನಿಲ್ಲುತ್ತೆ. ಅದಕ್ಕೇ ಬ್ಲ್ಯಾಕ್ ಶೇಡಿಂಗ್ ಕೂಡ ಅದೇ ಶಟರ್‌ನಲ್ಲಿ ಮಾಡಿದ್ದು. ಆದ್ರೂ ಆರಿಸಿದ್ರೆ ಒಳ್ಳೇದು, ಆ ಬೆಳಕಲ್ಲಿ ಹಸಿರು ಬೆರೆತಿರುತ್ತೆ.

ಕಾಕಾ: ನಾ ಹೋಗಿ ಕೇಳ್ತೀನಿ. ನಿರ್ದೇಶಕರಿಗೆ ಮುಗಿಲಿನ ವಿಚಾರ ಯಾರು ಹೇಳೂದು?

ಸಹಾಯಕಿ: ಹೇಳೋದು ಬೇಡ, ತೋರಿಸೋಣ. ಈಗಲೇ ಒಂದು ಶಾಟ್, ಪೂರ್ತಿ ಕತ್ತಲಾದ ಮೇಲೆ ಮೂರು ಬತ್ತಿಯಲ್ಲಿ ಇನ್ನೊಂದು. ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಲಿ. ಕಾಕಾ, ಮೀಟರ್ ಏನು ತೋರಿಸ್ತಿದೆ?

ಕಾಕಾ: ಎರಡು ಲಕ್ಸ್ ಚಿಲ್ಲರಿ. ಇಳಿಯಾಕತ್ತೈತಿ.

ಸಹಾಯಕಿ: ಹಾಗಾದ್ರೆ ಸೆರಗನ್ನ ಆ ಕಂಬದ ಹತ್ತಿರ ನೀವೇ ಹಿಡ್ಕೊಂಡು ನಿಲ್ಲಿ. ದೀಪ ಎಡಗೈಯಲ್ಲಿ. ಇನ್ನೊಂದು ಹೆಜ್ಜೆ ಹಿಂದೆ. ಲೆನ್ಸ್ ತೆರೀತಿದ್ದೀನಿ.